ರೇಷ್ಮೆ ಮೊಟ್ಟೆಯಲ್ಲಿ ಭ್ರೂಣದ ಆರಂಭಿಕ ಬೆಳವಣಿಗೆ: ಪ್ರತಿಲೇಖನ ಕಾರಕಗಳ ಪಾತ್ರ ಮತ್ತು ಬೆಳೆಗಾರರು ಪಾಲಿಸಬೇಕಾದ ಕ್ರಮಗಳು

(ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ರೇಷ್ಮೆ ಬೆಳೆಗಾರರು ಮತ್ತು ಹೊಸ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ರಬಕವಿ-ಬನಹಟ್ಟಿ ನೇಕಾರಿಕೆಗೆ ಹೆಸರಾದ ಅವಳಿ ಊರು. ಇದೇ ಜಿಲ್ಲೆಯ ಇಳಕಲ್ ಸೀರೆಯ ಸೆರಗಿನ ಕೆಂಪು-ಬಿಳುಪು ಮೆರೆಯುವುದು ರೇಷ್ಮೆ ಎಳೆಯಿಂದ. ಮಗ್ಗದ ಮೇಲೆ ಓಡುವ ಆ ಎಳೆಯ ಮೂಲ ಗೂಡಿನಲ್ಲಿದೆ. ಗೂಡಿನ ಮೂಲ ಹುಳುವಿನಲ್ಲಿದೆ. ಹುಳುವಿನ ಮೂಲ ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಮೊಟ್ಟೆಯಲ್ಲಿದೆ. ಹುಳು ಹೊರಬರುವ ಮೊದಲಿನ ಸುಮಾರು ಹತ್ತು ದಿನಗಳಲ್ಲಿ ಮೊಟ್ಟೆಯೊಳಗೆ ನಡೆಯುವ ಕಾರ್ಯವು ಬೆಳೆಯ ಅರ್ಧ ಭವಿಷ್ಯವನ್ನು ನಿರ್ಧರಿಸುತ್ತದೆ.

ಮೊಟ್ಟೆಗಾಗಿ ಬೇಡಿಕೆ ಸಲ್ಲಿಸುವ ಬೆಳೆಗಾರರಿಗೆ ಇಲಾಖೆಯು ಉಷ್ಣತೆ, ತೇವಾಂಶ, ಬೆಳಕು, ಸಾಗಾಣಿಕೆ ಇತ್ಯಾದಿಗಳ ಬಗ್ಗೆ ಹಲವು ಷರತ್ತುಗಳನ್ನು ತಿಳಿಸುತ್ತದೆ. ಇವುಗಳ ಕಾರಣ ತಿಳಿಯದಿದ್ದಾಗ ಅವು ಕೇವಲ ಕಾಗದದ ನಿಯಮಗಳಂತೆ ಕಾಣುವುದು ಸಹಜ. ಒಂದು ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಮೊಟ್ಟೆ ಹಾಳೆ ಉಳಿದರೆ ಒಂದು ಕುಟುಂಬದ ಇಡೀ ಬೆಳೆ ನಷ್ಟವಾಗಬಹುದು. ಆದುದರಿಂದ ಮೊಟ್ಟೆಯೊಳಗೆ ಏನು ನಡೆಯುತ್ತದೆ, ಅದನ್ನು ನಿಯಂತ್ರಿಸುವ ಪ್ರತಿಲೇಖನ ಕಾರಕಗಳು ಯಾವುವು ಮತ್ತು ಬೆಳೆಗಾರರು ಯಾವ ಹಂತದಲ್ಲಿ ಯಾವ ಎಚ್ಚರ ವಹಿಸಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಮೊಟ್ಟೆಯ ಸ್ಥೂಲ ಪರಿಚಯ

ರೇಷ್ಮೆ ಮೊಟ್ಟೆಯ ಉದ್ದ ಸುಮಾರು 1.3 ಮಿ.ಮೀ., ಅಗಲ ಸುಮಾರು 1 ಮಿ.ಮೀ. ಒಂದು ತುದಿಯಲ್ಲಿ ವೀರ್ಯಾಣು ಪ್ರವೇಶಿಸುವ ಸೂಕ್ಷ್ಮ ರಂಧ್ರವಿರುತ್ತದೆ. ಭ್ರೂಣದ ತಲೆಯ ಭಾಗವೂ ಆ ತುದಿಯ ಕಡೆಗೇ ರೂಪುಗೊಳ್ಳುತ್ತದೆ. ಮೊಟ್ಟೆಯ ಬಹುಭಾಗವನ್ನು ತಾಯಿ ಚಿಟ್ಟೆ ತುಂಬಿಟ್ಟ ಆಹಾರ ಭಂಡಾರ ಆಕ್ರಮಿಸಿರುತ್ತದೆ. ಕವಚದಲ್ಲಿರುವ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಯು ಒಳಹೊಕ್ಕು ಹೊರಬರುತ್ತದೆ. ಅಂದರೆ ಮೊಟ್ಟೆಯು ಉಸಿರಾಡುವ ಜೀವಿ. ಬೀಜದಂತೆ ಚೀಲದಲ್ಲಿ ಕಟ್ಟಿಡಬಹುದಾದ ವಸ್ತುವಲ್ಲ.

ಬೆಳೆಗಾರರ ವ್ಯವಹಾರದಲ್ಲಿ 'ನೂರು ಮೊಟ್ಟೆ' ಎಂದರೆ ನೂರು ಚಿಟ್ಟೆಗಳು ಇಟ್ಟ ನೂರು ರೋಗರಹಿತ ಮೊಟ್ಟೆ ಸಮೂಹಗಳು. ಒಂದು ಸಮೂಹದಲ್ಲಿ ಸಾಮಾನ್ಯವಾಗಿ 400ರಿಂದ 500 ಮೊಟ್ಟೆಗಳಿರುತ್ತವೆ. ಹೀಗಾಗಿ ನೂರು ಮೊಟ್ಟೆ ಪಡೆದ ರೈತರ ಕೈಯಲ್ಲಿ 40,000ಕ್ಕೂ ಹೆಚ್ಚು ಭ್ರೂಣಗಳಿರುತ್ತವೆ.

3. ಪ್ರತಿಲೇಖನ ಕಾರಕ ಎಂದರೇನು?

ರೇಷ್ಮೆ ಹುಳುವಿನ ಪ್ರತಿ ಜೀವಕೋಶದಲ್ಲಿ 28 ಜೊತೆ ವರ್ಣತಂತುಗಳಿವೆ. ಅವುಗಳ ಡಿಎನ್‌ಎಯಲ್ಲಿ ಸುಮಾರು 16,000 ವಂಶವಾಹಿಗಳು ಅಡಗಿವೆ. ಈ ಡಿಎನ್‌ಎಯ ಪೂರ್ಣ ಅನುಕ್ರಮದ ಕರಡನ್ನು ಜಪಾನ್ ಮತ್ತು ಚೀನಾ ದೇಶಗಳ ತಂಡಗಳು 2004ರಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದವು. 2008ರಲ್ಲಿ ಎರಡನ್ನೂ ಒಗ್ಗೂಡಿಸಲಾಯಿತು.

ಕಣ್ಣಿನ ಕೋಶದಲ್ಲಿಯೂ ಕಾಲಿನ ಕೋಶದಲ್ಲಿಯೂ ರೇಷ್ಮೆ ಗ್ರಂಥಿಯ ಕೋಶದಲ್ಲಿಯೂ ಇರುವ ವಂಶವಾಹಿಗಳು ಒಂದೇ. ಆದರೂ ಒಂದು ಕಣ್ಣಾಗುತ್ತದೆ, ಇನ್ನೊಂದು ಕಾಲಾಗುತ್ತದೆ. ಇದಕ್ಕೆ ಕಾರಣ, ಪ್ರತಿ ಕೋಶದಲ್ಲಿಯೂ ಎಲ್ಲ ವಂಶವಾಹಿಗಳು ಕೆಲಸ ಮಾಡುವುದಿಲ್ಲ. ವಂಶವಾಹಿಯಲ್ಲಿನ ಮಾಹಿತಿಯು ಆರ್‌ಎನ್‌ಎ ಆಗಿ ನಕಲಾಗುವ ಕ್ರಿಯೆಗೆ ಪ್ರತಿಲೇಖನ ಎಂದು ಹೆಸರು. ಡಿಎನ್‌ಎಯ ನಿರ್ದಿಷ್ಟ ಸ್ಥಳಕ್ಕೆ ಅಂಟಿಕೊಂಡು, ಯಾವ ವಂಶವಾಹಿಯ ನಕಲು ಆಗಬೇಕು, ಯಾವುದರದು ಆಗಬಾರದು ಎಂಬುದನ್ನು ನಿರ್ಧರಿಸುವ ಪ್ರೋಟೀನುಗಳಿಗೆ ಪ್ರತಿಲೇಖನ ಕಾರಕಗಳು ಎನ್ನುತ್ತಾರೆ.

ನೇಕಾರರಿಗೆ ಪರಿಚಿತವಾದ ಜಕಾರ್ಡ್ ಇದಕ್ಕೆ ಉತ್ತಮ ಹೋಲಿಕೆ. ಮಗ್ಗದ ಮೇಲೆ ಹಾಸು ಒಂದೇ. ಆದರೆ ಜಕಾರ್ಡ್ ಪಟ್ಟಿಯಲ್ಲಿ ರಂಧ್ರವಿದ್ದೆಡೆಯ ಎಳೆ ಮೇಲೇಳುತ್ತದೆ, ಇಲ್ಲದೆಡೆಯದು ಕೆಳಗೇ ಉಳಿಯುತ್ತದೆ. ಪಟ್ಟಿ ಬದಲಾದಂತೆ ಅದೇ ಹಾಸಿನಲ್ಲಿ ದಡಿಯೂ ಮೂಡುತ್ತದೆ, ಹೂವೂ ಮೂಡುತ್ತದೆ. ಪ್ರತಿಲೇಖನ ಕಾರಕವು ಈ ಪಟ್ಟಿಯಂತೆ. ಒಂದು ವ್ಯತ್ಯಾಸವಿದೆ: ಜಕಾರ್ಡ್ ಪಟ್ಟಿಯನ್ನು ಹೊರಗಿನವರು ಕೊರೆದು ಕೂಡಿಸುತ್ತಾರೆ, ಭ್ರೂಣದಲ್ಲಿ ಮೊದಲನೆಯ ಪಟ್ಟಿಯೇ ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಸಿದ್ಧಪಡಿಸುತ್ತದೆ. ಮೊದಲಿನ ಪಟ್ಟಿಯಲ್ಲಿ ತಪ್ಪಾದರೆ ಮುಂದಿನವೆಲ್ಲವೂ ತಪ್ಪುತ್ತವೆ. ಆರಂಭದ ದಿನಗಳಲ್ಲಿ ಮೊಟ್ಟೆಯನ್ನು ವಿಶೇಷ ಎಚ್ಚರದಿಂದ ನೋಡಿಕೊಳ್ಳಬೇಕೆಂದು ಹೇಳುವುದು ಇದೇ ಕಾರಣಕ್ಕೆ.

4. ಭ್ರೂಣದ ದಿನವಾರು ಬೆಳವಣಿಗೆ

ಸುಪ್ತಾವಸ್ಥೆಗೆ ಹೋಗದ ಮೊಟ್ಟೆಗಳನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇರಿಸಿದಾಗ ಕಂಡುಬರುವ ಹಂತಗಳು ಸ್ಥೂಲವಾಗಿ ಈ ಕೆಳಗಿನಂತಿವೆ.

ಮೊದಲ 2 ಗಂಟೆ: ವೀರ್ಯಾಣು ಹಾಗೂ ಅಂಡಾಣುವಿನ ಕೋಶಕೇಂದ್ರಗಳು ಕೂಡುತ್ತವೆ.
ಸುಮಾರು 10-12 ಗಂಟೆ: ಕೋಶಕೇಂದ್ರಗಳು ಪುನಃಪುನಃ ವಿಭಜನೆಗೊಂಡು ಮೊಟ್ಟೆಯ ಅಂಚಿಗೆ ಸರಿದು ಒಂದು ಪದರವಾಗುತ್ತವೆ.
ಸುಮಾರು 24 ಗಂಟೆ: ಭ್ರೂಣ ಪಟ್ಟಿಯು ಹೊರಪೊರೆಯಿಂದ ಬೇರ್ಪಡುತ್ತದೆ. ತಲೆ ಮತ್ತು ಬಾಲದ ತುದಿಗಳು ಗುರುತಿಸುವಂತಾಗುತ್ತವೆ.
2ರಿಂದ 4ನೆಯ ದಿನ: ದೇಹವು ಖಂಡಗಳಾಗಿ ವಿಭಾಗವಾಗುತ್ತದೆ. ಬಾಯಿಯ ಅಂಗಗಳು, ಎದೆಯ ಕಾಲುಗಳು, ಹೊಟ್ಟೆಯ ಕಾಲುಗಳು ಮೊಳೆಯುತ್ತವೆ. ರೇಷ್ಮೆ ಗ್ರಂಥಿಯ ಮೊಳಕೆಯೂ ಈ ಅವಧಿಯಲ್ಲಿಯೇ ಕಾಣಿಸಿಕೊಳ್ಳುತ್ತದೆ.
5-6ನೆಯ ದಿನ: ಭ್ರೂಣವು ಮೊಟ್ಟೆಯೊಳಗೆ ತನ್ನ ಬಾಗನ್ನು ತಿರುಗಿಸಿಕೊಳ್ಳುತ್ತದೆ.
8ನೆಯ ದಿನ: ತಲೆಯು ಕಪ್ಪಾಗಿ ಮೊಟ್ಟೆಯ ಮೇಲೆ ಸೂಜಿಮೊನೆಯಂತಹ ಚುಕ್ಕೆ ಕಾಣುತ್ತದೆ (ಸೂಜಿಮೊನೆ ಹಂತ).
9ನೆಯ ದಿನ: ಇಡೀ ದೇಹಕ್ಕೆ ಬಣ್ಣ ಬಂದು ಮೊಟ್ಟೆ ನೀಲಿಯಾಗಿ ಕಾಣುತ್ತದೆ (ನೀಲಿ ಮೊಟ್ಟೆ ಹಂತ).
10ನೆಯ ದಿನ: ಹುಳು ಹೊರಬರುತ್ತದೆ.

ತಳಿ, ಋತು ಹಾಗೂ ಉಷ್ಣತೆಗೆ ಅನುಗುಣವಾಗಿ ಮೇಲಿನ ಅವಧಿಯಲ್ಲಿ ಹೆಚ್ಚು ಕಡಿಮೆಯಾಗಬಹುದು.

5. ತಲೆ ಯಾವುದು, ಬಾಲ ಯಾವುದು ಎಂಬ ನಿರ್ಧಾರ

ಭ್ರೂಣದ ಸ್ವಂತ ವಂಶವಾಹಿಗಳು ಕೆಲಸ ಆರಂಭಿಸುವ ಮೊದಲೇ ತಾಯಿಯು ತನ್ನ ಅಂಡಾಶಯದಲ್ಲಿ ಕೆಲವು ಆರ್‌ಎನ್‌ಎಗಳನ್ನು ಮೊಟ್ಟೆಯೊಳಗೆ ಇರಿಸಿರುತ್ತದೆ. ಹಣ್ಣುನೊಣದಲ್ಲಿ 'ಬೈಕಾಯ್ಡ್' ಎಂಬ ಪ್ರತಿಲೇಖನ ಕಾರಕವು ತಲೆಯ ತುದಿಯಲ್ಲಿ ಹೆಚ್ಚಾಗಿಯೂ ಹಿಂದಕ್ಕೆ ಹೋದಂತೆ ಕಡಿಮೆಯಾಗಿಯೂ ಹರಡಿರುತ್ತದೆ; ಅದರ ಪ್ರಮಾಣವೇ ತಲೆ, ಎದೆಗಳ ಸ್ಥಾನವನ್ನು ನಿರ್ಧರಿಸುತ್ತದೆ. ಹಣ್ಣುನೊಣದ ಭ್ರೂಣದ ಬೆಳವಣಿಗೆಯನ್ನು ನಿಯಂತ್ರಿಸುವ ವಂಶವಾಹಿಗಳ ಸಂಶೋಧನೆಗಾಗಿ ಎಡ್ವರ್ಡ್ ಲೂಯಿಸ್, ಕ್ರಿಸ್ಟಿಯಾನ್ ನುಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶೌಸ್ ಅವರಿಗೆ 1995ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ರೇಷ್ಮೆ ಹುಳುವಿನಲ್ಲಿ ಬೈಕಾಯ್ಡ್ ವಂಶವಾಹಿ ಇಲ್ಲ. ಇಲ್ಲಿ 'ಆರ್ಥೋಡೆಂಟಿಕಲ್' ಎಂಬ ಬೇರೊಂದು ಕಾರಕದ ತಾಯಿ-ದತ್ತ ಆರ್‌ಎನ್‌ಎಯು ಮುಂಭಾಗದಲ್ಲಿ ನೆಲೆಸಿ ತಲೆಯ ಕಡೆಯ ಕೇಂದ್ರವಾಗಿಯೂ, 'ಕಾಡಲ್' ಕಾರಕವು ಹಿಂಭಾಗದ ಕೆಲಸದಲ್ಲಿಯೂ ಭಾಗವಹಿಸುತ್ತವೆ ಎಂಬುದನ್ನು ಜಪಾನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆ ಬಳಿಕ 'ಹಂಚ್‌ಬ್ಯಾಕ್', 'ಕ್ರುಪೆಲ್' ಮುಂತಾದ ಕಾರಕಗಳು ದೇಹವನ್ನು ದೊಡ್ಡ ವಲಯಗಳಾಗಿಯೂ, 'ಈವನ್-ಸ್ಕಿಪ್ಡ್' ಮುಂತಾದವು ಪಟ್ಟೆಗಳಾಗಿಯೂ ವಿಂಗಡಿಸುತ್ತವೆ. ಈ ಪಟ್ಟೆಗಳೇ ಮುಂದೆ ಹುಳುವಿನ ಮೈಮೇಲೆ ಕಾಣುವ ಖಂಡಗಳಾಗುತ್ತವೆ.

ಇದರಿಂದ ಬೆಳೆಗಾರರು ತಿಳಿಯಬೇಕಾದುದು ಇಷ್ಟು: ಮೊಟ್ಟೆಯ ಮೊದಲ ಆಜ್ಞೆಗಳನ್ನು ಬರೆದಿಡುವುದು ತಾಯಿ ಚಿಟ್ಟೆ. ಬಿತ್ತನೆ ಗೂಡಿನ ಬೆಳೆ ಸರಿಯಿಲ್ಲದಿದ್ದರೆ, ತಾಯಿ ಚಿಟ್ಟೆ ಬಳಲಿದ್ದರೆ, ಮೊಟ್ಟೆಯನ್ನು ಎಷ್ಟೇ ಜೋಪಾನ ಮಾಡಿದರೂ ಆ ಕೊರತೆ ತುಂಬುವುದಿಲ್ಲ. ಮೊಟ್ಟೆಯನ್ನು ಮಾನ್ಯತೆ ಪಡೆದ ಬಿತ್ತನೆ ಕೋಠಿಯಿಂದಲೇ ಪಡೆಯಬೇಕು ಎಂಬ ನಿಯಮದ ಒಂದು ಆಧಾರ ಇದಾಗಿದೆ.

6. ಕಾಲುಗಳ ಲೆಕ್ಕ: ಹಾಕ್ಸ್ ವಂಶವಾಹಿಗಳು

ಖಂಡಗಳು ರೂಪುಗೊಂಡ ಬಳಿಕ ಯಾವ ಖಂಡದಲ್ಲಿ ಯಾವ ಅಂಗ ಬರಬೇಕು ಎಂಬುದನ್ನು 'ಹಾಕ್ಸ್' ಎಂಬ ಗುಂಪಿನ ಪ್ರತಿಲೇಖನ ಕಾರಕಗಳು ನಿರ್ಧರಿಸುತ್ತವೆ. ಇವುಗಳ ಅಧ್ಯಯನದಲ್ಲಿ ರೇಷ್ಮೆ ಹುಳುವಿಗೆ ಗೌರವದ ಸ್ಥಾನವಿದೆ. ಮೆಂಡೆಲ್ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂಬುದನ್ನು ಆರಂಭದಲ್ಲಿಯೇ ತೋರಿಸಿದವರಲ್ಲಿ ಒಬ್ಬರಾದ ಜಪಾನಿನ ತೋಯಾಮಾ ಕಮೆತಾರೊ 1906ರಲ್ಲಿ ಬಳಸಿದ್ದು ರೇಷ್ಮೆ ಹುಳುವನ್ನೇ.

ಸಾಮಾನ್ಯ ಹುಳುವಿಗೆ ಎದೆಯಲ್ಲಿ 3 ಜೊತೆ, ಹೊಟ್ಟೆಯಲ್ಲಿ 4 ಜೊತೆ, ಬಾಲದಲ್ಲಿ 1 ಜೊತೆ ಕಾಲುಗಳಿರುತ್ತವೆ. 'ಇ-ಸಮೂಹ' ಎಂದು ಕರೆಯಲಾದ ವಂಶವಾಹಿಗಳಲ್ಲಿ ವ್ಯತ್ಯಾಸವಿದ್ದರೆ ಈ ಲೆಕ್ಕ ತಪ್ಪುತ್ತದೆ. 'ಅಬ್ಡೊಮಿನಲ್-ಎ' ಎಂಬ ಕಾರಕದ ವಂಶವಾಹಿ ಎರಡೂ ಕಡೆಯಿಂದ ಇಲ್ಲವಾದ ಭ್ರೂಣದಲ್ಲಿ ಹೊಟ್ಟೆಯ ಕಾಲುಗಳು ಬರುವುದಿಲ್ಲ. ಅದರೊಂದಿಗೆ 'ಅಲ್ಟ್ರಾಬೈಥೊರಾಕ್ಸ್' ಸಹ ಇಲ್ಲವಾದರೆ ಹೊಟ್ಟೆಯ ಖಂಡಗಳಲ್ಲಿ ಎದೆಯ ಕಾಲುಗಳಂತಹ ಕಾಲುಗಳು ಮೂಡುತ್ತವೆ. ಇದನ್ನು 1992ರಲ್ಲಿ ಜಪಾನಿನ ವಿಜ್ಞಾನಿಗಳು ವಿವರಿಸಿದರು. ಇಂತಹ ಭ್ರೂಣಗಳು ಮೊಟ್ಟೆಯಲ್ಲಿಯೇ ಸಾಯುತ್ತವೆ. ಒಂದು ಪ್ರೋಟೀನಿನ ಕೊರತೆಯು ಮೊಟ್ಟೆ ಒಡೆಯದಿರಲು ಸಾಕಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದೇ ಕುಟುಂಬದ ಕಾರಕಗಳು ಮನುಷ್ಯನ ಭ್ರೂಣದಲ್ಲಿಯೂ ಬೆನ್ನುಮೂಳೆ, ಕೈಕಾಲುಗಳ ಸ್ಥಾನವನ್ನು ನಿರ್ಧರಿಸುತ್ತವೆ. ಮನುಷ್ಯನಲ್ಲಿ ಇಂತಹ 39 ವಂಶವಾಹಿಗಳಿವೆ.

7. ರೇಷ್ಮೆ ಗ್ರಂಥಿ: ನೂಲುವವರ ಸಂಖ್ಯೆ ಮೊಟ್ಟೆಯಲ್ಲಿಯೇ ನಿಗದಿ

ಬೆಳೆಗಾರರಿಗೆ ಅತ್ಯಂತ ಮುಖ್ಯವಾದ ಸಂಗತಿ ಇದು. ರೇಷ್ಮೆ ಗ್ರಂಥಿಯು ಭ್ರೂಣದ ಬಾಯಿಯ ಕೆಳಭಾಗದ ಖಂಡದಿಂದ ಒಳಕ್ಕೆ ಮಡಿಚಿಕೊಂಡು ಬೆಳೆಯುವ ಜೋಡಿ ಕೊಳವೆ. ಈ ಖಂಡದಲ್ಲಿ ಗ್ರಂಥಿ ಮೊಳೆಯಲು 'ಸೆಕ್ಸ್ ಕೋಂಬ್ಸ್ ರೆಡ್ಯೂಸ್ಡ್' ಎಂಬ ಹಾಕ್ಸ್ ಕಾರಕದ ಅಗತ್ಯವಿದೆ. ಹಣ್ಣುನೊಣದಲ್ಲಿ ಇದೇ ಕಾರಕವು ಅದೇ ಸ್ಥಳದಲ್ಲಿ ಜೊಲ್ಲು ಗ್ರಂಥಿಯನ್ನು ರೂಪಿಸುತ್ತದೆ. ಅಂದರೆ ರೇಷ್ಮೆ ಗ್ರಂಥಿಯು ಮೂಲತಃ ಜೊಲ್ಲು ಗ್ರಂಥಿಯ ಇನ್ನೊಂದು ರೂಪ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಪಿ. ಗೋಪಿನಾಥನ್ ಅವರ ಪ್ರಯೋಗಾಲಯವು ಹಲವು ವರ್ಷಗಳ ಕಾಲ ರೇಷ್ಮೆ ಹುಳುವಿನ ವಂಶವಾಹಿಗಳನ್ನು ಅಧ್ಯಯನ ಮಾಡಿತು. ರೇಷ್ಮೆ ಗ್ರಂಥಿಯ ಬೆಳವಣಿಗೆಯಲ್ಲಿ ಹಾಕ್ಸ್ ಮುಂತಾದ ಕಾರಕಗಳ ಕಾರ್ಯವಿಧಾನವನ್ನೂ, ಗ್ರಂಥಿಯ ಕೋಶಗಳು ವಿಭಜನೆ ನಿಲ್ಲಿಸಿ ಹಿಗ್ಗುವ ಕ್ರಮವನ್ನೂ ಕುರಿತ ಆ ಪ್ರಯೋಗಾಲಯದ ಲೇಖನಗಳು 2003ರಲ್ಲಿ ಪ್ರಕಟವಾದವು.

ಗ್ರಂಥಿಯ ಹಿಂಭಾಗದಲ್ಲಿ ಎಳೆಯ ತಿರುಳಾದ ಫೈಬ್ರಾಯಿನ್, ಮಧ್ಯಭಾಗದಲ್ಲಿ ಎಳೆಗೆ ಅಂಟಾಗುವ ಸೆರಿಸಿನ್ ತಯಾರಾಗುತ್ತವೆ. ಯಾವ ಭಾಗದಲ್ಲಿ ಯಾವುದು ಎಂಬುದನ್ನು ನಿರ್ಧರಿಸುವುದೂ ಪ್ರತಿಲೇಖನ ಕಾರಕಗಳೇ. ಒಂದು ಗ್ರಂಥಿಯ ಹಿಂಭಾಗದಲ್ಲಿ ಸುಮಾರು 500 ಕೋಶಗಳು, ಮಧ್ಯಭಾಗದಲ್ಲಿ ಸುಮಾರು 300 ಕೋಶಗಳು ಇರುತ್ತವೆ. ಈ ಕೋಶಗಳ ವಿಭಜನೆಯು ಹುಳು ಮೊಟ್ಟೆಯಲ್ಲಿರುವಾಗಲೇ ಮುಗಿದುಹೋಗುತ್ತದೆ. ಹುಳು ಹೊರಬಂದ ಮೇಲೆ ಒಂದು ಕೋಶವೂ ಹೆಚ್ಚಾಗುವುದಿಲ್ಲ. ಇರುವ ಕೋಶಗಳೇ ವಿಭಜನೆಯಾಗದೆ ತಮ್ಮ ಡಿಎನ್‌ಎಯನ್ನು ಲಕ್ಷಗಟ್ಟಲೆ ಪಟ್ಟು ಹೆಚ್ಚಿಸಿಕೊಂಡು ಹಿಗ್ಗುತ್ತವೆ.

ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ, ಮೊಟ್ಟೆಯ ದಿನಗಳಲ್ಲಿ ನೂಲುವವರ ನೇಮಕಾತಿ ಮುಗಿಯುತ್ತದೆ. ಹುಳು ಸಾಕಾಣಿಕೆಯ ದಿನಗಳಲ್ಲಿ ಅವರಿಗೆ ಆಹಾರ ಒದಗಿಸಲಾಗುತ್ತದೆ. ಹಿಪ್ಪುನೇರಳೆ ಸೊಪ್ಪು ಎಷ್ಟೇ ಉತ್ತಮವಾಗಿದ್ದರೂ ನೇಮಕಾತಿಯಲ್ಲಿ ಆದ ಕೊರತೆಯನ್ನು ಅದು ಸರಿಪಡಿಸಲಾರದು. ಆದುದರಿಂದ ಕಾವಿನ ಅವಧಿಯನ್ನು 'ಇನ್ನೂ ಕೆಲಸ ಶುರುವಾಗಿಲ್ಲ' ಎಂಬ ಬಿಡುವಿನ ದಿನಗಳೆಂದು ಎಣಿಸುವುದು ಸರಿಯಲ್ಲ.

8. ಸುಪ್ತಾವಸ್ಥೆ ಮತ್ತು ಆಮ್ಲೋಪಚಾರ

ದ್ವಿತಳಿ ಚಿಟ್ಟೆಗಳ ಮೊಟ್ಟೆಗಳು ಸಾಮಾನ್ಯವಾಗಿ ಸುಮಾರು ಎರಡು ದಿನ ಬೆಳೆದು, ಭ್ರೂಣ ಪಟ್ಟಿಯ ಹಂತದಲ್ಲಿ ನಿಂತುಬಿಡುತ್ತವೆ. ಇದಕ್ಕೆ ಸುಪ್ತಾವಸ್ಥೆ ಎಂದು ಹೆಸರು. ಚಳಿ ದೇಶಗಳಲ್ಲಿ ಚಳಿಗಾಲವನ್ನು ದಾಟಲು ಪ್ರಕೃತಿಯು ಮಾಡಿದ ಏರ್ಪಾಡು ಇದು. ಮೊಟ್ಟೆಯ ಹೊರಪೊರೆಯ ಕೋಶಗಳಲ್ಲಿ ಬಣ್ಣ ತುಂಬಿ ಮೊಟ್ಟೆ ಕಂದಾಗುತ್ತದೆ.

ಇಲ್ಲಿಯೂ ನಿರ್ಧಾರ ತಾಯಿಯದೇ. ತಾಯಿಯು ಸ್ವತಃ ಭ್ರೂಣವಾಗಿದ್ದಾಗ 25 ಡಿಗ್ರಿಯ ಬೆಚ್ಚಗಿನ ವಾತಾವರಣದಲ್ಲಿ ದೀರ್ಘ ಬೆಳಕನ್ನು ಕಂಡಿದ್ದರೆ, ಕೋಶಾವಸ್ಥೆಯಲ್ಲಿ ಅದರ ಗಂಟಲ ಕೆಳಗಿನ ನರಗಂಟಿನಿಂದ ಸುಪ್ತಾವಸ್ಥೆಯ ಚೋದಕವು ಸ್ರವಿಸಿ ಅಂಡಾಶಯ ತಲುಪುತ್ತದೆ. ಅದು ಇಡುವ ಮೊಟ್ಟೆಗಳು ನಿದ್ರಿಸುತ್ತವೆ. 15 ಡಿಗ್ರಿಯಲ್ಲಿ ಕತ್ತಲೆಯಲ್ಲಿ ಬೆಳೆದಿದ್ದರೆ ಮೊಟ್ಟೆಗಳು ನಿದ್ರಿಸದೆ ಬೆಳೆಯುತ್ತವೆ.

ಬಿತ್ತನೆ ಕೋಠಿಗಳಲ್ಲಿ ಈ ನಿದ್ರೆಯನ್ನು ತಪ್ಪಿಸಲು ಮೊಟ್ಟೆ ಇಟ್ಟ 20ರಿಂದ 24 ಗಂಟೆಗಳೊಳಗೆ, ಸುಮಾರು 46 ಡಿಗ್ರಿ ಉಷ್ಣತೆಯ, 1.075 ಸಾಪೇಕ್ಷ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು 5 ನಿಮಿಷ ಅದ್ದಿ, ತೊಳೆದು ಒಣಗಿಸಲಾಗುತ್ತದೆ. ಸಮಯ ಮೀರಿದರೆ ಫಲವಿಲ್ಲ. ಬೇಗನೆ ಮಾಡಿದರೆ ಭ್ರೂಣಕ್ಕೆ ಹಾನಿ. ಇದು ತರಬೇತಿ ಪಡೆದ ಸಿಬ್ಬಂದಿ ಮಾತ್ರ ನಿರ್ವಹಿಸತಕ್ಕ ಕಾರ್ಯ. ಬೆಳೆಗಾರರು ಮನೆಯಲ್ಲಿ ಇದನ್ನು ಪ್ರಯತ್ನಿಸಕೂಡದು.

ಮೈಸೂರು ತಳಿಯ ಮೊಟ್ಟೆಗಳಿಗೆ ಸುಪ್ತಾವಸ್ಥೆ ಇಲ್ಲ. ಮೈಸೂರು ತಳಿಯ ಹೆಣ್ಣು ಮತ್ತು ದ್ವಿತಳಿಯ ಗಂಡು ಕೂಡಿದ ಮಿಶ್ರತಳಿ ಮೊಟ್ಟೆಗಳಿಗೂ ತಾಯಿಯ ಗುಣವೇ ಬರುವುದರಿಂದ ಆಮ್ಲೋಪಚಾರದ ಅಗತ್ಯ ಬೀಳುವುದಿಲ್ಲ.

9. ರೋಗರಹಿತ ಮೊಟ್ಟೆಯ ಮಹತ್ವ

ಪೆಬ್ರಿನ್ ರೋಗದ ಸೂಕ್ಷ್ಮಜೀವಿಯು ತಾಯಿಯ ಅಂಡಾಶಯದಿಂದ ನೇರವಾಗಿ ಮೊಟ್ಟೆಯನ್ನು ಸೇರುತ್ತದೆ. ಹೀಗೆ ಸೋಂಕಿದ ಭ್ರೂಣವು ಮೊಟ್ಟೆಯಲ್ಲಿಯೇ ಸಾಯಬಹುದು; ಬದುಕಿ ಹೊರಬಂದರೆ ಇಡೀ ಸಾಕಾಣಿಕೆ ಮನೆಗೆ ರೋಗ ಹರಡುತ್ತದೆ. 1865ರಿಂದ ಫ್ರಾನ್ಸಿನಲ್ಲಿ ಈ ರೋಗವನ್ನು ಅಧ್ಯಯನ ಮಾಡಿದ ಲೂಯಿ ಪಾಶ್ಚರ್, ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವನ್ನು ರೂಢಿಗೆ ತಂದರು. ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿ ಚಿಟ್ಟೆ ಪರೀಕ್ಷೆಯೇ ಮುಖ್ಯ ರಕ್ಷಣೆ.

ಮೊಟ್ಟೆಯ ಉತ್ಪಾದನೆ ಮತ್ತು ಮಾರಾಟವು ರಾಜ್ಯದಲ್ಲಿ 1959ರ ಅಧಿನಿಯಮದ ನಿಯಂತ್ರಣಕ್ಕೆ ಒಳಪಟ್ಟಿದೆ. ಕೇಂದ್ರ ರೇಷ್ಮೆ ಮಂಡಳಿ ಅಧಿನಿಯಮಕ್ಕೆ 2006ರಲ್ಲಿ ಮಾಡಿದ ತಿದ್ದುಪಡಿ ಹಾಗೂ 2010ರ ಬಿತ್ತನೆ ವಿನಿಯಮಗಳ ಮೂಲಕ ಮೊಟ್ಟೆ ಉತ್ಪಾದಕರು ಮತ್ತು ಚಾಕಿ ಸಾಕಾಣಿಕೆದಾರರ ನೋಂದಣಿಗೆ ಅವಕಾಶ ಕಲ್ಪಿಸಲಾಯಿತು. ಕಡಿಮೆ ದರದ ಆಸೆಗೆ ನೋಂದಣಿ ಇಲ್ಲದವರಿಂದ ಮೊಟ್ಟೆ ಖರೀದಿಸಿದ ಬೆಳೆಗಾರರಿಗೆ ದೂರು ನೀಡಲು ಆಧಾರವೇ ಉಳಿಯುವುದಿಲ್ಲ.

10. ಬೆಳೆಗಾರರು ಪಾಲಿಸಬೇಕಾದ ಕ್ರಮಗಳು

ಈ ಭಾಗದಲ್ಲಿ ಬೇಸಿಗೆಯ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ ಮತ್ತು ಗಾಳಿಯಲ್ಲಿ ತೇವ ಕಡಿಮೆ ಇರುತ್ತದೆ. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ತಪ್ಪದೆ ಪಾಲಿಸತಕ್ಕದ್ದು.

(ಅ) ಸಾಗಾಣಿಕೆ: ಮೊಟ್ಟೆಗಳನ್ನು ಬೆಳಗಿನ ಅಥವಾ ಸಂಜೆಯ ತಂಪು ಹೊತ್ತಿನಲ್ಲಿ ಮಾತ್ರ ಸಾಗಿಸಬೇಕು. ಗಾಳಿಯಾಡುವ ಪೆಟ್ಟಿಗೆ ಅಥವಾ ಚೀಲ ಬಳಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದು, ಬೈಕಿನ ಡಿಕ್ಕಿಯಲ್ಲಿ ಇಡುವುದು, ಬಸ್ಸಿನ ಎಂಜಿನ್ ಪಕ್ಕ ಇಡುವುದು ಕೂಡದು. ಗೊಬ್ಬರ, ಕೀಟನಾಶಕ, ತಂಬಾಕಿನೊಂದಿಗೆ ಒಯ್ಯಬಾರದು.

(ಆ) ಉಷ್ಣತೆ ಮತ್ತು ತೇವಾಂಶ: 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 80ರಷ್ಟು ತೇವಾಂಶ ಇರಬೇಕು. ವಿದ್ಯುತ್ ಸೌಕರ್ಯ ಇಲ್ಲದೆಡೆ ಒದ್ದೆ ಮರಳಿನಲ್ಲಿ ಹೂತ ಮಣ್ಣಿನ ಗಡಿಗೆಯನ್ನು ಬಳಸಿ, ಬಾಯಿಗೆ ಒದ್ದೆ ಬಟ್ಟೆ ಹೊದಿಸಬಹುದು. ಮೊಟ್ಟೆ ಹಾಳೆಗೆ ನೀರು ತಾಗಬಾರದು. ಉಷ್ಣತಾಮಾಪಕವನ್ನು ಇಟ್ಟು ದಿನಕ್ಕೆ ಕನಿಷ್ಠ ಮೂರು ಬಾರಿ ಬರೆದಿಡುವುದು ಒಳ್ಳೆಯದು.

(ಇ) ಬೆಳಕು: ದಿನಕ್ಕೆ 16 ಗಂಟೆ ಬೆಳಕು, 8 ಗಂಟೆ ಕತ್ತಲು ಇರುವಂತೆ ನೋಡಿಕೊಳ್ಳಬೇಕು. ನೇರ ಬಿಸಿಲು ಬೀಳಬಾರದು.

(ಈ) ಕಪ್ಪು ಪೆಟ್ಟಿಗೆ ವಿಧಾನ: ಸೂಜಿಮೊನೆ ಹಂತ ಕಂಡ ಕೂಡಲೇ ಹಾಳೆಗಳನ್ನು ಕಪ್ಪು ಕಾಗದ ಅಥವಾ ಕಪ್ಪು ಬಟ್ಟೆಯಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ಸುಮಾರು 48 ಗಂಟೆ ಇರಿಸಬೇಕು. ಕತ್ತಲೆಯಲ್ಲಿ ಮುಂದಿರುವ ಭ್ರೂಣಗಳು ಕಾಯುತ್ತವೆ, ಹಿಂದುಳಿದವು ಸಮಕ್ಕೆ ಬರುತ್ತವೆ. ಹುಳು ಹೊರಬರುವ ದಿನದ ಬೆಳಗ್ಗೆ ಬೆಳಕಿಗೆ ಒಡ್ಡಿದರೆ ಬಹುತೇಕ ಮೊಟ್ಟೆಗಳು ಒಂದೇ ಹೊತ್ತಿಗೆ ಒಡೆಯುತ್ತವೆ. ಒಂದೇ ದಿನ ಚಾಕಿ ಕಟ್ಟಿದ ಹುಳುಗಳು ಒಂದೇ ದಿನ ಜ್ವರಕ್ಕೆ ಹೋಗುತ್ತವೆ, ಒಂದೇ ದಿನ ಗೂಡು ಕಟ್ಟುತ್ತವೆ.

(ಉ) ಸ್ವಂತವಾಗಿ ಕಾವು ನೀಡಲು ಅನುಕೂಲವಿಲ್ಲದವರು ನೋಂದಾಯಿತ ಚಾಕಿ ಸಾಕಾಣಿಕಾ ಕೇಂದ್ರದಿಂದ ಚಾಕಿ ಹುಳುಗಳನ್ನೇ ಪಡೆಯುವುದು ಸುರಕ್ಷಿತ.

11. ಮೊಟ್ಟೆ ಒಡೆಯದಿದ್ದಲ್ಲಿ ಕಾರಣ ಗುರುತಿಸುವ ಬಗೆ

ಮೊಟ್ಟೆ ಸರಿಯಾಗಿ ಒಡೆಯದಿದ್ದಾಗ ಹಾಳೆಯನ್ನು ಎಸೆದುಬಿಡುವುದು ಸಾಮಾನ್ಯ. ಹಾಗೆ ಮಾಡಬಾರದು. ಭ್ರೂಣವು ಯಾವ ಹಂತದಲ್ಲಿ ನಿಂತಿದೆ ಎಂಬುದೇ ದೋಷವು ಎಲ್ಲಿ ಸಂಭವಿಸಿತು ಎಂಬುದರ ಸಾಕ್ಷಿ.

ಮೊಟ್ಟೆ ಹಳದಿಯಾಗಿಯೇ ಉಳಿದು ಒಣಗಿ ಕುಗ್ಗಿದ್ದರೆ: ಗರ್ಭಾಂಕುರವೇ ಆಗಿಲ್ಲ. ಬಿತ್ತನೆ ಕೋಠಿಯ ಹಂತದ ಸಂಗತಿ.
ಚುಕ್ಕೆ ಕಾಣುವ ಮೊದಲೇ ಮೊಟ್ಟೆ ಗುಳಿಬಿದ್ದು ಬತ್ತಿದ್ದರೆ: ಭ್ರೂಣವು ಆರಂಭದ ದಿನಗಳಲ್ಲಿ ಸತ್ತಿದೆ. ಆಮ್ಲೋಪಚಾರ, ಶೇಖರಣೆ, ಸಾಗಾಣಿಕೆ ಅಥವಾ ಕಾವಿನ ಮೊದಲ ದಿನಗಳ ಉಷ್ಣತೆಯನ್ನು ಪರಿಶೀಲಿಸಬೇಕು.
ಕಪ್ಪು ಚುಕ್ಕೆ ಅಥವಾ ನೀಲಿ ಬಣ್ಣ ಬಂದು ಒಡೆಯದಿದ್ದರೆ: ಕೊನೆಯ ಎರಡು ದಿನಗಳಲ್ಲಿ ಅತಿ ಉಷ್ಣತೆ, ತೇವದ ಕೊರತೆ, ಗಾಳಿಯ ಕೊರತೆ ಅಥವಾ ವಿಷಾನಿಲ ತಾಗಿರುವ ಸಂಭವ ಹೆಚ್ಚು.
ಒಂದೆರಡು ಸಮೂಹಗಳು ಮಾತ್ರ ಕೆಟ್ಟು ಪಕ್ಕದವು ಚೆನ್ನಾಗಿದ್ದರೆ: ಆಯಾ ತಾಯಿ ಚಿಟ್ಟೆಯ ದೋಷವಿರಬಹುದು. ಹಾಳೆಯುದ್ದಕ್ಕೂ ಕೆಟ್ಟಿದ್ದರೆ ವಾತಾವರಣದ ಕಾರಣವನ್ನು ಮೊದಲು ಪರಿಶೀಲಿಸಬೇಕು.

ಒಡೆದ ಮೊಟ್ಟೆಗಳ ಸಂಖ್ಯೆಯನ್ನು ಗರ್ಭಾಂಕುರವಾದ ಮೊಟ್ಟೆಗಳ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಒಡೆಯುವ ಪ್ರಮಾಣ ದೊರೆಯುತ್ತದೆ. ಉತ್ತಮ ಮೊಟ್ಟೆಯಲ್ಲಿ ಇದು ಶೇಕಡಾ 90ಕ್ಕೂ ಮೇಲಿರುತ್ತದೆ. ಪ್ರಮಾಣ ಕಡಿಮೆಯಾಗಿದ್ದಲ್ಲಿ ಮೊಟ್ಟೆ ಹಾಳೆ, ರಸೀದಿ, ತಂಡದ ಸಂಖ್ಯೆ, ಮೊಟ್ಟೆ ಇಟ್ಟ ದಿನಾಂಕ ಹಾಗೂ ಉಷ್ಣತೆಯ ಟಿಪ್ಪಣಿಯೊಂದಿಗೆ ತಾಂತ್ರಿಕ ಸೇವಾ ಕೇಂದ್ರಕ್ಕೆ ವಿಳಂಬವಿಲ್ಲದೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು. ದಾಖಲೆ ಇಟ್ಟವರ ಮಾತಿಗೆ ಪರಿಶೀಲನೆಯಲ್ಲಿ ತೂಕವಿರುತ್ತದೆ.

12. ಅರ್ಜಿ ಸಲ್ಲಿಸುವವರಿಗೆ ಸೂಚನೆ

ಮೊಟ್ಟೆ, ಚಾಕಿ ಹುಳು ಅಥವಾ ಇಲಾಖೆಯ ಇತರ ಸೌಲಭ್ಯಗಳಿಗಾಗಿ ತಮ್ಮ ವ್ಯಾಪ್ತಿಯ ತಾಂತ್ರಿಕ ಸೇವಾ ಕೇಂದ್ರವನ್ನು ಸಂಪರ್ಕಿಸತಕ್ಕದ್ದು. ಸಾಮಾನ್ಯವಾಗಿ ಜಮೀನಿನ ಪಹಣಿ (ಉತಾರ), ಗುರುತಿನ ದಾಖಲೆ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ರೈತರ ನೋಂದಣಿ ಸಂಖ್ಯೆ ಮತ್ತು ಅನ್ವಯಿಸುವವರಿಗೆ ಜಾತಿ ಪ್ರಮಾಣಪತ್ರ ಬೇಕಾಗುತ್ತವೆ. ಆಯಾ ಯೋಜನೆಗೆ ತಕ್ಕಂತೆ ಬೇರೆ ದಾಖಲೆಗಳು ಬೇಕಾಗಬಹುದು. ಮೊಟ್ಟೆಯ ಬೇಡಿಕೆ ಸಲ್ಲಿಸುವಾಗ ಹಿಪ್ಪುನೇರಳೆ ತೋಟದ ವಿಸ್ತೀರ್ಣ, ಚಾಕಿ ಕಟ್ಟಲು ಉದ್ದೇಶಿಸಿದ ದಿನಾಂಕ ಮತ್ತು ಬೇಕಾದ ತಳಿಯನ್ನು ಸ್ಪಷ್ಟವಾಗಿ ನಮೂದಿಸಬೇಕು. ಸೊಪ್ಪಿನ ಪ್ರಮಾಣಕ್ಕೆ ಮೀರಿ ಮೊಟ್ಟೆ ಪಡೆಯಬಾರದು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೊಪ್ಪು ಸಿದ್ಧವಾಗಿಲ್ಲದಿದ್ದಾಗ ಮೊಟ್ಟೆಯನ್ನು ಮನೆಯ ಫ್ರಿಜ್‌ನಲ್ಲಿ ಇಡಬಹುದೇ?
ಉತ್ತರ: ಇಡಬಾರದು. ಶೈತ್ಯದಲ್ಲಿ ಇರಿಸಬಹುದಾದ ಹಂತಗಳು ಹಾಗೂ ಅವಧಿಗಳು ನಿರ್ದಿಷ್ಟವಾಗಿವೆ. ಅಂಗಗಳು ರೂಪುಗೊಳ್ಳುತ್ತಿರುವಾಗ ಏಕಾಏಕಿ ಚಳಿ ತಾಗಿದರೆ ಬೆಳವಣಿಗೆಯ ಕ್ರಮ ತಪ್ಪುತ್ತದೆ. ದಿನಾಂಕ ಮುಂದೂಡಬೇಕಾದಲ್ಲಿ ಮೊಟ್ಟೆ ಪಡೆಯುವ ಮೊದಲೇ ಬಿತ್ತನೆ ಕೋಠಿಗೆ ತಿಳಿಸುವುದು.

ಪ್ರಶ್ನೆ: ನಮ್ಮ ಬೆಳೆಯ ಉತ್ತಮ ಗೂಡುಗಳಿಂದ ನಾವೇ ಮೊಟ್ಟೆ ಮಾಡಿಕೊಳ್ಳಬಹುದೇ?
ಉತ್ತರ: ಸಲ್ಲದು. ಸಂಕರಣ ತಳಿಯ ಉತ್ತಮ ಗುಣಗಳು ಮುಂದಿನ ಪೀಳಿಗೆಯಲ್ಲಿ ಹಂಚಿಹೋಗಿ ಹುಳುಗಳು ಏಕರೂಪವಾಗಿ ಇರುವುದಿಲ್ಲ. ತಾಯಿ ಚಿಟ್ಟೆ ಪರೀಕ್ಷೆ ಇಲ್ಲದೆ ಪೆಬ್ರಿನ್ ಹರಡುವ ಅಪಾಯವೂ ಇದೆ.

ಪ್ರಶ್ನೆ: ತಳಿಯ ಹೆಸರಿನಲ್ಲಿ ಎರಡು ಹೆಸರುಗಳಿದ್ದಾಗ ಮೊದಲನೆಯದು ಏನನ್ನು ಸೂಚಿಸುತ್ತದೆ?
ಉತ್ತರ: ತಾಯಿಯ ತಳಿಯನ್ನು. ಮೊಟ್ಟೆಯ ಕವಚ, ಆರಂಭಿಕ ಆಜ್ಞೆಗಳು ಮತ್ತು ಸುಪ್ತಾವಸ್ಥೆಯ ಗುಣ ತಾಯಿಯಿಂದ ಬರುವುದರಿಂದ ಈ ಕ್ರಮಕ್ಕೆ ಮಹತ್ವವಿದೆ.

ಪ್ರಶ್ನೆ: ಪ್ರತಿಲೇಖನ ಕಾರಕಗಳನ್ನು ಹೆಚ್ಚಿಸುವ ಔಷಧಿಯನ್ನು ಮೊಟ್ಟೆಗೆ ಸಿಂಪಡಿಸಬಹುದೇ?
ಉತ್ತರ: ಸಿಂಪಡಿಸಬಾರದು. ಈ ಕಾರಕಗಳು ಹೆಚ್ಚಾದಷ್ಟೂ ಒಳ್ಳೆಯದು ಎಂಬುದಿಲ್ಲ. ಸರಿಯಾದ ಸ್ಥಳದಲ್ಲಿ, ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಇರಬೇಕು. ಅದನ್ನು ಭ್ರೂಣವೇ ನಿರ್ವಹಿಸುತ್ತದೆ. ಬೆಳೆಗಾರರು ಒದಗಿಸಬೇಕಾದುದು ತಂಪು, ತೇವ, ಗಾಳಿ ಮತ್ತು ಬೆಳಕಿನ ಸರಿಯಾದ ಏರ್ಪಾಡು ಮಾತ್ರ.

ಹೆಚ್ಚಿನ ಮಾಹಿತಿಗಾಗಿ ಆಯಾ ವ್ಯಾಪ್ತಿಯ ತಾಂತ್ರಿಕ ಸೇವಾ ಕೇಂದ್ರವನ್ನು, ಇಲ್ಲವೇ ಜಿಲ್ಲಾ ಕೇಂದ್ರದ ರೇಷ್ಮೆ ಉಪ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಮೊಟ್ಟೆ ಪಡೆಯಲು ಹೋಗುವಾಗ ಗಾಳಿಯಾಡುವ ಪೆಟ್ಟಿಗೆಯನ್ನು ತಪ್ಪದೆ ಜೊತೆಯಲ್ಲಿ ಒಯ್ಯುವುದು.